ಮರುಳಸಿದ್ದಪ್ಪ ಬಂದು ಹೇಳಿದ್ದ

ಮರುಳಸಿದ್ದಪ್ಪನಷ್ಟು ಜೋಪಾನವಾಗಿ ಕಾರು ನೋಡಿಕೊಂಡ ಡ್ರೈವರನ್ನು ನಾನು ಕಂಡಿಲ್ಲ. ನಾನು ಮೆಕ್ಯಾನಿಕ್ ಬೋರಣ್ಣ. ಜಯನಗರದಲ್ಲಿ ಅರ್ಧಕ್ಕರ್ಧ ಸೈಟುಗಳು ಇನ್ನೂ ಖಾಲಿ ಬಿದ್ದಿದ್ದಾಗಲೇ ತಗಡಿನ ಶೆಡ್ ಹಾಕಿಕೊಂಡವನು. ಎಷ್ಟೋ ಡ್ರೈವರುಗಳನ್ನು ನೋಡಿದ್ದೇನೆ. ಹೆಚ್ಚಿನವರಿಗೆ ಬಾನೆಟ್ ಒಳಗೆ ಏನಿದೆ ಎಂಬುದೇ ಗೊತ್ತಿರುವುದಿಲ್ಲ, ಬಾಯಿ ಮಾತ್ರ ಊರಗಲ. ಇವನು ಹಾಗಲ್ಲ. ಬೆಳಿಗ್ಗೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದವನೇ ಮೊದಲು ರೇಡಿಯೇಟರ್ ಮುಚ್ಚಳ ತೆಗೆದು, ಬೆರಳು ಇಳಿಬಿಟ್ಟು ನೀರು ನೋಡುತ್ತಿದ್ದ. ಕಡಿಮೆಯಿದ್ದರೆ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬುತ್ತಿದ್ದ. ಆ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಕಾರು ವಕೀಲ ಬದರಿನಾಥರದು. ಎಸ್ಟೇಟಿನ ಸಾಹೇಬನೊಬ್ಬ ಮಾರಿಹೋದ ಎಂಟು ಸಿಲಿಂಡರಿನ ನೀಲಿ ಅಮೆರಿಕನ್ ಕಾರು. ಅದು ರಸ್ತೆಗಿಳಿದರೆ ಜನ ನಿಂತು ನೋಡುತ್ತಿದ್ದರು. ಮರುಳಸಿದ್ದಪ್ಪ ಹುಟ್ಟಿದ್ದು ತುಮಕೂರಿನ ಕಡೆಯ ಹಳ್ಳಿಯಲ್ಲಿ, ಓದಿದ್ದು ಮೂರನೇ ಕ್ಲಾಸು. ಲಾರಿ ತೊಳೆಯುತ್ತ ಸ್ಟಿಯರಿಂಗ್ ಹಿಡಿಯುವುದನ್ನು ಕಲಿತವನು. ಆ ಕಾರಿನಲ್ಲಿ ಕೂತರೆ ಮಾತ್ರ ಬೆನ್ನು ನೆಟ್ಟಗಾಗುತ್ತಿತ್ತು. ಹೆಂಡತಿ ಗೌರಮ್ಮನನ್ನು ಒಮ್ಮೆಯೂ ಅದರಲ್ಲಿ ಕೂರಿಸಿಕೊಂಡವನಲ್ಲ. ‘ಅದು ಯಜಮಾನರ್ದು ಅಣ್ಣ, ನಮ್ದಲ್ಲ’ ಎನ್ನುತ್ತಿದ್ದ.

ಅಂಥವನ ಬಾಳು ಕೆಡಿಸಿದವನು ನಾನು. ಸುತ್ತಿ ಬಳಸಿ ಹೇಳುವುದರಲ್ಲಿ ಏನಿದೆ?

ಐವತ್ತೊಂಬತ್ತರ ದಸರಾ. ಆ ಕಾರಿನ ಮ್ಯಾನಿಫೋಲ್ಡ್ ಸೀಳುಬಿಟ್ಟಿತ್ತು. ಕಾರ್ಬುರೇಟರಿನ ಕೆಳಗೆ, ಎರಡು ಸಾಲು ಸಿಲಿಂಡರುಗಳ ನಡುವೆ ಕೂರುವ ಭಾರದ ಎರಕ ಅದು. ಪೆಟ್ರೋಲು ಗಾಳಿ ಹೋಗುವುದೂ ಅದರಲ್ಲೇ, ಇಂಜಿನ್ ತಣ್ಣಗಿಡುವ ನೀರು ಹರಿಯುವುದೂ ಅದರಲ್ಲೇ. ಗುಜರಿಯಲ್ಲಿ ಇನ್ನೊಂದು ಹುಡುಕಿ ತಂದೆ. ಆಯುಧಪೂಜೆಯ ದಿನ ಬೆಳಿಗ್ಗೆ, ನೀರು ಸೋರದಂತೆ ಅಡಿಗೆ ಹಾಕುವ ಪ್ಯಾಕಿಂಗ್ ಹಾಳೆ ಕತ್ತರಿಸಿ ಕೂರಿಸಿ, ಬೋಲ್ಟು ಬಿಗಿದೆ. ಇಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಇಂಜಿನ್ ಚೆನ್ನಾಗಿ ಕಾಯಿಸಿದರೆ ಪ್ಯಾಕಿಂಗ್ ಕುಗ್ಗುತ್ತದೆ. ಆಮೇಲೆ ನಡುವಿನಿಂದ ಅಂಚಿಗೆ ಬರುತ್ತ ಎಲ್ಲ ಬೋಲ್ಟನ್ನೂ ಮತ್ತೊಮ್ಮೆ ಬಿಗಿಯಬೇಕು. ಇದು ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು.

ಇಂಜಿನ್ ಕಾಯಿಸಿ ನೋಡುತ್ತೇನೆ, ಮುಂದಿನ ಮೂಲೆಯಲ್ಲಿ ನೀರು ಜಿನುಗುತ್ತಿದೆ. ಸ್ಪ್ಯಾನರಿಗೆ ಕೈ ಚಾಚಿದರೆ ಒಂದೂ ಇಲ್ಲ! ನಮ್ಮವ್ವ ಅಂಜನಮ್ಮ ಅಷ್ಟನ್ನೂ ತೊಳೆದು, ಮಣೆಯ ಮೇಲೆ ಜೋಡಿಸಿ, ಕುಂಕುಮ ಇಟ್ಟು, ಮಂಗಳಾರತಿಯನ್ನೂ ಎತ್ತಿಬಿಟ್ಟಿದ್ದಳು.

‘ಒಂದೇ ಒಂದು ಸ್ಪ್ಯಾನರ್ ಕೊಡವ್ವ’ ಎಂದೆ.

‘ಪೂಜೆಗಿಟ್ಟಿದ್ನ ಮುಟ್ತೀಯೇನೋ? ನಾಳೆ ಮರುಪೂಜೆ ಆಗೋಗಂಟ ಕೈ ಹಚ್ಚಿದ್ರೆ ನೋಡು!’

ಅತ್ತ ಬದರಿನಾಥರ ಮನೆಯಲ್ಲಿ ಕಾರಿಗೆ ಒಡೆಯಲು ಬೂದುಗುಂಬಳ ತಂದಿಟ್ಟುಕೊಂಡು ಕಾಯುತ್ತಿದ್ದರು. ಇವತ್ತು ಆಗುವುದಿಲ್ಲ ಎಂದು ಹೇಳಿಕಳಿಸಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ನನ್ನ ಹೆಸರಿನ ಚಿಂತೆ ನನಗೆ. ಪೂಜೆಯ ತಟ್ಟೆಯಲ್ಲಿದ್ದ ಅರಿಶಿನವನ್ನು ಎರಡು ಹಿಡಿ ತೆಗೆದು ರೇಡಿಯೇಟರಿಗೆ ಸುರಿದೆ. ಸಣ್ಣ ಸೋರಿಕೆಗೆ ಅರಿಶಿನ ಹಾಕುವುದು ಎಲ್ಲ ಮೆಕ್ಯಾನಿಕ್ಕುಗಳಿಗೂ ಗೊತ್ತಿರುವ ಕಳ್ಳದಾರಿ. ಪುಡಿ ಹೋಗಿ ಸಂದಿಯಲ್ಲಿ ಕೂತು ಮುಚ್ಚಿಕೊಳ್ಳುತ್ತದೆ. ಜಿನುಗುವುದು ನಿಂತಿತು, ಬೋಲ್ಟು ಮತ್ತೆ ಬಿಗಿಯದೆಯೇ ಕಾರು ಪೂಜೆಗೆ ಹೋಯಿತು.

ಮಾರನೆಯ ದಿನ ವಿಜಯದಶಮಿ. ಮಧ್ಯಾಹ್ನ ಎಲೆಯ ಮುಂದೆ ಕೂತಿದ್ದೇನೆ, ಮರುಳಸಿದ್ದಪ್ಪ ಬಂದು ಬಾಗಿಲಲ್ಲಿ ನಿಂತ.

‘ಅಣ್ಣ, ಒಂದೂವರೆ ಚೆಂಬು ನೀರು ಕಮ್ಮಿ ಆಗೈತೆ. ಹೊರಗೆ ಎಲ್ಲೂ ಒಂದು ಹನಿ ಇಲ್ಲ. ಒಳಗೇನಾದ್ರೂ ಹೋಗ್ತಿರಬೋದಾ?’

ಎಷ್ಟು ಸರಿಯಾಗಿ ಕೇಳಿದ! ಹಿಂದಿನ ಮೂಲೆಯಲ್ಲಿ ಸೋರಿದರೆ ನೀರು ಹೊರಗೆ ಬರುವುದಿಲ್ಲ, ನೆಟ್ಟಗೆ ಇಂಜಿನ್ ಆಯಿಲಿಗೆ ಇಳಿಯುತ್ತದೆ. ಎದ್ದು ಹೋಗಿ ಆಯಿಲ್ ನೋಡಿದ್ದರೆ ಐದು ನಿಮಿಷದ ಕೆಲಸ. ನನ್ನ ಎಲೆಯಲ್ಲಿ ಒಬ್ಬಟ್ಟಿತ್ತು.

‘ಹೊಸ ಪ್ಯಾಕಿಂಗ್ ಕಣಯ್ಯ, ಕೂತ್ಕೊಳತ್ತೆ. ನೀರು ಹಾಕ್ಕೊಂಡು ಓಡಿಸು’ ಎಂದೆ.

‘ನೀವು ಹೇಳಿದ್ಮೇಲೆ ಸರಿ ಬಿಡಿ’ ಎಂದು ಹೊರಟುಹೋದ.

ಅದರ ಮಾರನೆಯ ದಿನ ಬದರಿನಾಥರು ಜಮೀನು ನೋಡಲು ಕನಕಪುರ ರಸ್ತೆಯಲ್ಲಿ ಹೋದರು. ತಲಘಟ್ಟಪುರ ದಾಟುತ್ತಿದ್ದಂತೆ ಇಂಜಿನ್ ಕಚ್ಚಿಕೊಂಡು ನಿಂತುಬಿಟ್ಟಿತು. ಎರಡು ಜೊತೆ ಎತ್ತು ಕಟ್ಟಿ ಕಾರನ್ನು ನನ್ನ ಶೆಡ್ಡಿಗೆ ಎಳೆಸಿಕೊಂಡು ಬಂದರು. ಕೆಳಗಿನ ಬಿರಡೆ ಬಿಚ್ಚಿದೆ. ಹಾಲು ಹೆಚ್ಚಾದ ಕಾಫಿಯ ಬಣ್ಣದ ಆಯಿಲ್ ಇಳಿಯಿತು. ನೋಡಿದೊಡನೆ ನನಗೆ ತಿಳಿದುಹೋಯಿತು, ನೀರು ಆಯಿಲಿಗೆ ಇಳಿದಿದೆ.

‘ಏನಾಗಿದೆ ಬೋರಣ್ಣ? ಇವನು ಸರಿಯಾಗಿ ನೀರು ನೋಡ್ಲಿಲ್ವಾ?’ ಎಂದರು ಬದರಿನಾಥರು.

‘ನೀರಿನ ಕಡೆ ನಿಗಾ ಇಲ್ದಿದ್ರೆ ಹಿಂಗೇ ಆಗೋದು ಸಾರ್’ ಎಂದೆ.

ಮರುಳಸಿದ್ದಪ್ಪ ನನ್ನ ಮುಖ ನೋಡಿದ. ಅವನಿಗೆ ಕೋಪವೂ ಬರಲಿಲ್ಲ. ನಾನು ಮರೆತಿದ್ದೇನೆ ಎಂದುಕೊಂಡು ನೆನಪು ಮಾಡಿಕೊಡುವವನ ಹಾಗೆ, ‘ಅಣ್ಣ, ನಾನು ಬಂದು ಹೇಳಿದ್ನಲ್ಲ’ ಎಂದ.

‘ಯಾವಾಗ?’ ಎಂದೆ ನಾನು.

ಥೂ ನನ್ನ ಜನ್ಮಕ್ಕೆ! ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಬಾನೆಟ್ಟಿನ ಮೇಲಿಟ್ಟು ನಡೆದುಹೋದ. ಅವತ್ತೇ ಅವನ ಕೆಲಸ ಹೋಯಿತು. ನಾನು ತಿಂಗಳುಗಟ್ಟಲೆ ಕೂತು ಆ ಇಂಜಿನ್ ಇಳಿಸಿದೆ, ಬೇರಿಂಗ್ ಹಾಕಿದೆ, ಮ್ಯಾನಿಫೋಲ್ಡಿನ ಮೈ ಉಜ್ಜಿ ಸಮ ಮಾಡಿ, ಕಾಯಿಸಿ, ಮೂರು ಸಲ ಬಿಗಿದೆ. ಒಂದು ತೊಟ್ಟು ಸೋರಲಿಲ್ಲ. ಬದರಿನಾಥರು ನಾಲ್ಕು ಜನರ ಮುಂದೆ ನನ್ನನ್ನು ಹೊಗಳಿದರು. ಹೊಗಳಿಸಿಕೊಂಡು ನಿಂತಿದ್ದೆ.

ಮರುಳಸಿದ್ದಪ್ಪ ತಿಲಕ್ ನಗರದ ಸೌದೆ ಡಿಪೋದಲ್ಲಿ ತೂಕ ಹಾಕುವ ಕೆಲಸಕ್ಕೆ ಸೇರಿದ. ಆ ರಸ್ತೆಯಲ್ಲಿ ಹೋಗುವುದನ್ನೇ ನಾನು ಬಿಟ್ಟೆ. ಎಂಟು ವರ್ಷವಾದ ಮೇಲೆ, ಡಾಕ್ಟರ್ ಜಯಸಿಂಹ ಎನ್ನುವವರು ಹೊಸ ಕಾರು ಕೊಂಡು, ನಂಬಿಕಸ್ಥ ಡ್ರೈವರ್ ಬೇಕು ಎಂದರು. ಮರುಳಸಿದ್ದಪ್ಪನ ಹೆಸರು ಹೇಳಿದೆ. ಬಾಯಿಬಿಡದೆ ಪಾಪ ತೊಳೆದುಕೊಳ್ಳುವ ಉಪಾಯ, ಇನ್ನೇನು! ಅವನು ಬರುವುದಿಲ್ಲ ಎಂದುಬಿಟ್ಟನಂತೆ. ನನಗೆ ಸಿಟ್ಟೇ ಬಂತು. ಭಾನುವಾರ ಬೆಳಿಗ್ಗೆ ಅವನ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದ, ವಿಭೂತಿ ಹಾಗೇ ಇತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು.

‘ಒಳ್ಳೆ ಕೆಲಸ, ಯಾಕೆ ಬೇಡ ಅಂದೆ?’ ಎಂದೆ.

‘ನನ್ನ ಮೇಲೆ ನನಗೇ ನಂಬಿಕೆ ಇಲ್ಲ ಬೋರಣ್ಣ. ಅವತ್ತು ನಿಮ್ಗೆ ಬಂದು ಹೇಳ್ದೆ ಅಂತ್ಲೇ ನನ್ನ ತಲೇಲಿ ಇತ್ತು. ನೀವು ಕೂತು ಊಟ ಮಾಡ್ತಿದ್ದ ಜಾಗ ಸುದ್ದಾ ಕಾಣ್ತಿತ್ತು. ನೀವು ಯಾವಾಗ ಅಂದ್ರಲ್ಲ, ನಾನು ಹೇಳೇ ಇಲ್ಲ ಅಂದ್ಮೇಲೆ, ನೀರು ನೋಡಿದ್ದೂ ಹಂಗೇ ಇರಬೋದಲ್ಲ? ನೋಡ್ದೆ ಅಂದ್ಕೊಂಡು ನೋಡದೇನೇ ಜನಾನ ಕೂರಿಸ್ಕೊಂಡು ಹೋದ್ರೆ? ಅದಕ್ಕೇ ಸ್ಟಿಯರಿಂಗ್ ಮುಟ್ಟಿಲ್ಲ.’

ಕೆಲಸ ಹೋಯಿತೆಂದು ಮಾತ್ರ ಇಷ್ಟು ದಿನ ನಾನು ಕೊರಗಿದ್ದೆ. ಅವನು ಕಳೆದುಕೊಂಡದ್ದು ಏನೆಂದು ಈಗ ತಿಳಿಯಿತು. ಅವನ ಕಾಲ ಹತ್ತಿರ ಕುಕ್ಕರಿಸಿದೆ.

‘ನೀನು ಬಂದಿದ್ದೆ ಸಿದ್ದಪ್ಪ. ವಿಜಯದಶಮಿ ಮಧ್ಯಾಹ್ನ, ನಾನು ಕೂತು ಉಣ್ತಿದ್ದೆ. ಒಂದೂವರೆ ಚೆಂಬು ಕಮ್ಮಿ ಅಂದೆ. ನಾನೇ ಓಡಿಸು ಅಂದಿದ್ದು. ಸುಳ್ಳು ಹೇಳ್ದೋನು ನಾನು.’

ಅವನು ನನ್ನನ್ನು ಬೈಯಲಿಲ್ಲ. ಒಳಗೆ ತಿರುಗಿ, ‘ಗೌರಾ, ಬಾ ಇಲ್ಲಿ. ಬೋರಣ್ಣ ಏನೋ ಹೇಳ್ತಾವ್ರೆ, ನೀನೂ ಕೇಳು’ ಎಂದು ಕೂಗಿದ. ಗೌರಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ನಾನು ಎಲ್ಲವನ್ನೂ ಎರಡನೇ ಸಲ ಹೇಳಿದೆ.

ಅವಳು ನನ್ನ ಕಡೆ ತಿರುಗಿದಳು.

‘ಅವತ್ತು ಇವರು ನಿಮ್ಮ ಮನೆಯಿಂದ ಬಂದು, ಬೋರಣ್ಣಂಗೆ ಹೇಳ್ಬಿಟ್ಟು ಬಂದೆ ಅಂತ ನನ್ನ ಮುಂದೆ ಅಂದಿದ್ರು. ನೀವು ಹೇಳಿದ್ರಿ, ನಂಗೆ ನೆನಪೈತೆ ಅಂತ ಇವರಿಗೆ ಎಂಟು ವರ್ಷದಿಂದ ಬಡ್ಕೊಂಡೆ. ಕಟ್ಕೊಂಡ ಹೆಂಡ್ತಿ ಮಾತು ನಂಬಲಿಲ್ಲ, ನಿಮ್ಮ ಮಾತು ನಂಬಿದ್ರು.’