ಕಾಯಿಸಿದ ನೀರಿನ ಸುಳ್ಳು

ಲತಾ, ಅಂದು ನಿಮ್ಮ ಮನೆಯಲ್ಲಿ ನಾನು ನೀರು ಕುಡಿಯದೆ ಎದ್ದು ಬಂದದ್ದು ಡಾಕ್ಟರು ಹೇಳಿದ್ದರಿಂದ ಅಲ್ಲ. ನಿಮ್ಮದು ಕಾಲೋನಿಯ ಮನೆ ಎಂಬ ಕಾರಣಕ್ಕೆ. ಜಾತಿಯ ಕಾರಣಕ್ಕೆ. ಹದಿನಾಲ್ಕು ವರ್ಷದಿಂದ ಈ ಮಾತು ನನ್ನೊಳಗೇ ಇತ್ತು — ಹೋದ ಗುರುವಾರ ನೀನು ನಮ್ಮ ಕಾಲೇಜಿಗೆ ಬಂದು ಹೋದ ಮೇಲೆ ಇನ್ನು ಇಟ್ಟುಕೊಳ್ಳಲಾರೆ.

ನೀನು ಆಗ ಬಿ.ಎ. ಎರಡನೇ ವರ್ಷ, ನಾನು ಕಡೂರಿನಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು. ಆರೋಗ್ಯದ ಅಸಮಾನತೆ ನನಗೆ ಬಹಳ ಇಷ್ಟದ ಪಾಠ. ಒಂದೇ ಊರಿನಲ್ಲಿ ಒಂದು ಬೀದಿಯ ಮಗು ಗುಂಡುಗುಂಡಗಿರುತ್ತದೆ, ಇನ್ನೊಂದು ಬೀದಿಯ ಮಗುವಿಗೆ ಮೇಲಿಂದ ಮೇಲೆ ಭೇದಿ — ಯಾಕೆ? ಬೋರ್ಡಿನ ಮುಂದೆ ಕೈ ಬೀಸಿ ಬೀಸಿ ಕೇಳುತ್ತಿದ್ದೆ. ಪುಸ್ತಕ ಸಾಲದೆಂದು ನಿಮ್ಮನ್ನೆಲ್ಲ ಸರ್ವೆಗೆಂದು ಪಂಚನಹಳ್ಳಿ ಕಡೆಯ ನಿನ್ನ ಊರಿಗೇ ಕರೆದುಕೊಂಡು ಬಂದೆ.

ಮೊದಲು ಮೇಲಿನ ಬೀದಿ. ಅಲ್ಲಿ ನಮ್ಮ ಜಾತಿಯವರದೇ ಒಂದು ಮನೆಯ ಜಗಲಿಯಲ್ಲಿ ಕೂತು, ಬೆಲ್ಲ ತಿಂದು, ಎರಡು ಲೋಟ ನೀರು ಕುಡಿದೆ. ಕಾಯಿಸಿದ್ದೋ ಇಲ್ಲವೋ — ಕೇಳಲೂ ಇಲ್ಲ. ಆಮೇಲೆ ನಿಮ್ಮ ಮನೆ. ಎರಡು ಬೀದಿಗೂ ಒಂದೇ ಟ್ಯಾಂಕಿನ ನೀರು ಎಂದು ಸರ್ವೆ ಫಾರಂನಲ್ಲಿ ಬರೆಸಿದವನೂ ನಾನೇ.

ನಿನ್ನ ತಾಯಿ ಹನುಮಕ್ಕ ಫಳಫಳ ತಿಕ್ಕಿದ ಲೋಟ ಹಿಡಿದು ಬಂದರು. "ನಮ್ ಹುಡ್ಗಿ ಮೇಷ್ಟ್ರು ಬಂದವ್ರೆ. ಒಂದ್ ಲೋಟ ನೀರಾದ್ರೂ ಕುಡೀರಿ ಸಾಮಿ."

"ನಾನು ಕಾಯಿಸಿದ ನೀರೇ ಕುಡಿಯೋದಮ್ಮ. ಡಾಕ್ಟ್ರು ಹೇಳಿದ್ದಾರೆ."

ಎಷ್ಟು ಸಲೀಸಾಗಿ ಬಂತು! ಆರೋಗ್ಯದ ಪಾಠ ಮಾಡುವವನಿಗೆ ಆರೋಗ್ಯದ್ದೇ ನೆಪ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

"ಅಷ್ಟೇ ತಾನೆ? ಕೂತ್ಕಳಿ, ಈಗ್ಲೇ ಕಾಯಿಸ್ಕೊಡ್ತೀನಿ" ಎಂದು ಅವರು ಒಲೆಗೆ ಪುಳ್ಳೆ ತುರುಕಿದರು. ನಾನು ಗಡಿಯಾರ ನೋಡಿದೆ, ಬಸ್ಸಿಗೆ ಹೊತ್ತಾಯಿತು ಎಂದೆ, ಎದ್ದೆ. ಬಸ್ಸು ಬರಲು ಇನ್ನೂ ಒಂದು ಗಂಟೆ ಇತ್ತು. ನೀನು ಬಾಗಿಲಲ್ಲೇ ನಿಂತಿದ್ದೆ — ನಿನ್ನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಆಮೇಲೆ ನೀನು ಪಬ್ಲಿಕ್ ಹೆಲ್ತ್ ಓದಿದೆ. ಈಗ ಅಜ್ಜಂಪುರದಲ್ಲಿ ಆರೋಗ್ಯ ಇಲಾಖೆಯ ಕೆಲಸ; ಸ್ಕೂಟರಿನಲ್ಲಿ ತರೀಕೆರೆವರೆಗೂ ಹಳ್ಳಿ ಹಳ್ಳಿ ಸುತ್ತುತ್ತೀಯ. ನನಗೆ ಎಷ್ಟು ಸಂತೋಷ ಎಂದರೆ, ನಿನ್ನ ಸುದ್ದಿ ಎತ್ತಿದೊಡನೆ ಸ್ಟಾಫ್ ರೂಮಿನವರು ಟೀ ಕುಡಿಯಲು ಎದ್ದು ಹೋಗುತ್ತಾರೆ — ಅಷ್ಟು ಸಲ ಹೇಳಿದ್ದೇನೆ. ಡಾಕ್ಟರಾಗದೆಯೂ ಜನರ ಆರೋಗ್ಯಕ್ಕೆ ದುಡಿಯಬಹುದು ಎಂದು ಮಕ್ಕಳಿಗೆ ತಿಳಿಸಲು ನಿನ್ನನ್ನೇ ಕರೆಸಿದ್ದೂ ಅದಕ್ಕೇ.

ಎಷ್ಟು ಚೆನ್ನಾಗಿ ಮಾತಾಡಿದೆ ನೀನು! ಕೊನೆಯ ಬೆಂಚಿನವರೂ ಮೊಬೈಲ್ ಕೆಳಗಿಟ್ಟಿದ್ದರು. ಆಗ ನೀನು ಹೇಳಿದೆ — "ಸಾರ್ ನಮ್ಮನೆಗೆ ಬಂದ್ ದಿನದಿಂದ ನಮ್ಮಮ್ಮ ನೀರು ಕಾಯಿಸ್ದೆ ಯಾರಿಗೂ ಕೊಟ್ಟಿಲ್ಲ. ಇಡೀ ಕಾಲೋನಿಗೇ ಕಲಿಸ್ಬಿಟ್ರು. ನಾನು ಈ ಕೆಲಸಕ್ಕೆ ಬಂದಿದ್ದೇ ಅದನ್ನ ನೋಡಿ." ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಎಮ್ಮೆದೊಡ್ಡಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸಾರ್, ಅವತ್ತು ನೀರು ಕಾಯೋವರ್ಗೂ ಕೂತಿದ್ರಾ?"

"ಹೂಂ" ಎಂದೆ.

ನೀನು ನನ್ನನ್ನು ನೋಡಿದೆ. ಒಂದೇ ಸಲ. ಮತ್ತೆ ಮಕ್ಕಳ ಕಡೆ ತಿರುಗಿ, ಇನ್ನೇನಾದರೂ ಕೇಳುವುದಿದೆಯಾ ಎಂದೆ — ನನ್ನ ಮಾನ ಉಳಿಸಿದೆ. ನಾನು ಎದ್ದು ಹೋದದ್ದರ ನಿಜ ಕಾರಣ ನಿನಗೆ ಎಷ್ಟು ಗೊತ್ತಿತ್ತೋ, ಎಂದಿನಿಂದ ಗೊತ್ತಿತ್ತೋ... ಕೇಳುವ ಹಕ್ಕು ನನಗಿಲ್ಲ.

ಸುಳ್ಳಿನಿಂದ ಒಳ್ಳೆಯದೇ ಆಯಿತಲ್ಲ ಎಂದು ಮನಸ್ಸು ಎರಡು ದಿನ ನನ್ನ ಪರ ವಕೀಲಿಕೆ ಮಾಡಿತು. ಆ ಒಳ್ಳೆಯದು ಹನುಮಕ್ಕನವರದು, ನಿನ್ನದು. ಅದರಲ್ಲಿ ನನ್ನ ಪಾಲಿಲ್ಲ. ನನಗೆ ನಾಚಿಕೆಯಾಗಿದೆ.

ಸೋಮವಾರ ಅದೇ ಮಕ್ಕಳ ಮುಂದೆ ಈ ಕಾಗದ ಓದುತ್ತೇನೆ. ಆ ಹುಡುಗಿಗೆ ನಿಜವಾದ ಉತ್ತರ ಸಿಗಬೇಕು. ಅದಕ್ಕೂ ಮೊದಲು, ಭಾನುವಾರವೇ, ನಿಮ್ಮ ಊರಿಗೆ ಬರುತ್ತೇನೆ, ಹನುಮಕ್ಕನವರ ಎದುರು ನಿಂತು ನಾನೇ ಹೇಳುತ್ತೇನೆ. ಅವರು ಬೈದರೆ ಬೈಸಿಕೊಳ್ಳುತ್ತೇನೆ.

ನೀನು ಮಾತ್ರ ಆ ಕಥೆ ಹೇಳುವುದನ್ನು ನಿಲ್ಲಿಸಬೇಡ. ಯಾವ ಕಾಲೇಜಿಗೆ ಹೋದರೂ ಹೇಳು. ನಿನ್ನ ತಾಯಿ ಒಲೆ ಹೊತ್ತಿಸಿದ್ದನ್ನು ಹೇಳು, ನನ್ನ ಹೆಸರನ್ನೂ ಹೇಳು. ನೀರು ಕುದಿಯುವ ಹೊತ್ತಿಗೆ ಮೇಷ್ಟ್ರು ಅಲ್ಲಿರಲಿಲ್ಲ ಎಂಬುದನ್ನೂ ಹೇಳು.