ಕಚೇರಿ ರಸ್ತೆಯ ಕಣಗಿಲೆ

ಗೆಳೆಯರೇ, ಇಂದು ಬೆಳಿಗ್ಗೆ ಲಿಂಗಸುಗೂರಿನ ಕಚೇರಿ ರಸ್ತೆಯ ಕಣಗಿಲೆ ಹೂಗಳನ್ನೆಲ್ಲ ನಾನು ಮೂಸಿದೆ. ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದಮೇಲೆ ಬಂದ ಹೊಸ ತಹಸೀಲ್ದಾರರು ನೆಡಿಸಿದ ಗಿಡಗಳವು. ದಾರಿಹೋಕರು ಪೂಜೆಗೆಂದು ದಿನವೂ ಬೋಳಿಸುತ್ತಿದ್ದರು. ಇಂದೂ ಗಿಡದಲ್ಲಿ ಹೂ ಕಾಣದಿದ್ದರೆ ನೌಕರಿ ಹೋಯಿತೆಂದು ಮಾಲಿ ಯಂಕಪ್ಪನಿಗೆ ತಹಸೀಲ್ದಾರರಿಂದ ತಾಕೀತಾಗಿತ್ತು.

ಕಿರಾಣಿ ಅಂಗಡಿಯ ಶರಣಪ್ಪನವರು ಬುಟ್ಟಿ ಹಿಡಿದು ಬಂದರು. ಯಂಕಪ್ಪ ಕೈಮುಗಿದು ಅಡ್ಡ ನಿಂತ.

"ಬಾಜೂ ಸರೀಲೇ. ಶಿವನ ಹೂವಿಗೆ ನಿಂದೇನು ಅಪ್ಪಣಿ?" ಎಂದು ಅವರು ಕೈಯಲ್ಲಿದ್ದ ಕೋಲೆತ್ತಿದರು.

ನಾನು ನಡುವೆ ಹೋಗಿ ಗಂಭೀರವಾಗಿ ಹೇಳಿದೆ: "ಹರ್ಕೊಳ್ರಿ ಕಾಕಾ. ಆದ್ರ ಎಲ್ಲಾನೂ ನಾ ಮೂಸಿ ನೋಡೀನಿ."

ಕೋಲು ಗಾಳಿಯಲ್ಲೇ ನಿಂತಿತು. "ಎಲ್ಲಾನೂ?"

"ಮೊಗ್ಗು ಸೈತ ಬಿಟ್ಟಿಲ್ರಿ."

ಮೂಸಿದ ಹೂ ದೇವರಿಗೆ ಸಲ್ಲದು. ಅವರು ನನ್ನ ವಂಶವನ್ನೆಲ್ಲ ಬೈದು ಖಾಲಿ ಬುಟ್ಟಿಯೊಂದಿಗೆ ಹೊರಟುಹೋದರು.

ಆಮೇಲೆ ತಹಸೀಲ್ದಾರರು ಬಂದರು. ಹೂ ನೋಡಿ ಯಂಕಪ್ಪನ ಬೆನ್ನು ತಟ್ಟಿದರು. "ಮನೆಯ ಪೂಜೆಗೂ ಆಯಿತು" ಎನ್ನುತ್ತ ತಾವೇ ಕೈತುಂಬ ಹರಿದುಕೊಂಡರು. ಯಂಕಪ್ಪ ನನ್ನತ್ತ ನೋಡಿ ಮೆಲ್ಲಗೆ ಕೈಮುಗಿದ.

ನಾನು ಬಾಯಿ ಬಿಡಲಿಲ್ಲ. ಶಿವ ಕ್ಷಮಿಸುತ್ತಾನೆಂಬ ನಂಬಿಕೆ ನನಗಿದೆ. ತಹಸೀಲ್ದಾರರ ಮೇಲೆ ಅಷ್ಟು ಇಲ್ಲ.