ದೇವರಿಗೆ ಮಾತ್ರ ಹೇಳುತ್ತೇನೆ ಅಂದಿದ್ದೆ

ನಮ್ಮ ಬೀರುವಿನ ಒಳಖಾನೆಯಲ್ಲಿ, ನನ್ನ ಮದುವೆಯ ಬಿಳಿ ಸೀರೆಯ ಕೆಳಗೆ, ಒಂದು ಲಕೋಟೆ ಇದೆ. ಬಾಯಿಗೆ ಅಂಟು ಹಾಕಿದ್ದು. ಮೇಲೆ ಒಂದು ಹುಡುಗಿಯ ಹೆಸರು, ನೀಲಿ ಶಾಯಿಯಲ್ಲಿ, ಗುಂಡಗಿನ ಅಕ್ಷರ. ವಾಪಸ್ ಕೊಡೋಣವೆಂದರೆ ತೆಗೆದುಕೊಳ್ಳುವವಳಿಲ್ಲ, ಹರಿದು ಹಾಕೋಣವೆಂದರೆ ಕೈ ಬರುವುದಿಲ್ಲ. ಬೀರು ಒರೆಸುವಾಗಲೆಲ್ಲ ಅದನ್ನು ತೆಗೆದು, ನೋಡಿ, ಮತ್ತೆ ಅಲ್ಲೇ ಇಡುತ್ತೇನೆ.

ಜನಕಪುರಿಯ ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಭಾನುವಾರ, ಸಂಜೆ ನಾಲ್ಕಕ್ಕೆ ಕನ್ನಡ ಪ್ರಾರ್ಥನಾ ಕೂಟ ನಡೆಯುತ್ತಿತ್ತು. ಬೆಳಿಗ್ಗೆ ಎಲ್ಲರೂ ತಂತಮ್ಮ ಚರ್ಚಿನಲ್ಲಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಆರಾಧನೆ ಮುಗಿಸಿ, ಸಂಜೆ ನಮ್ಮಲ್ಲಿ ಬಾಯ್ತುಂಬ ಕನ್ನಡದಲ್ಲಿ ಹಾಡಲು ಬರುತ್ತಿದ್ದರು. ಇಪ್ಪತ್ತು ಜನ ಸೇರಿದರೆ ಹೆಚ್ಚು. ಹಾಡು, ಬೈಬಲ್ ವಾಕ್ಯ, ಪ್ರಾರ್ಥನೆ, ಆಮೇಲೆ ಉಪ್ಪಿಟ್ಟು. ಬೆಟಗೇರಿಯಿಂದ ಮದುವೆಯಾಗಿ ಬಂದ ನನಗೆ ಇಷ್ಟು ದೊಡ್ಡ ದೆಹಲಿಯಲ್ಲಿ ಆ ಎರಡು ಭಾನುವಾರಗಳೇ ತವರು.

ಕೂಟಕ್ಕೆ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ನೋಯ್ಡಾ, ಗುರುಗ್ರಾಮದ ಆಫೀಸುಗಳಲ್ಲಿ ಕೆಲಸ ಮಾಡುವವರು. ಅವರಿಗೆ ನಾನು ಪರಿಶುದ್ಧತೆಯ ಪಾಠ ಮಾಡುತ್ತಿದ್ದೆ. ಯಾರೂ ಕೇಳಿರಲಿಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು. ದೇಹ ದೇವರ ಆಲಯ, ಅದನ್ನು ಮದುವೆಯ ತನಕ ಕಾಯಬೇಕು ಎಂದು ಶುರು ಮಾಡಿ, ಕಣ್ಣನ್ನು ಎಲ್ಲಿಡಬೇಕು, ಫೋನಿನಲ್ಲಿ ಏನು ನೋಡಬಾರದು, ಗಂಡಸರ ಜೊತೆ ಎಲ್ಲಿ ಒಬ್ಬಳೇ ಕೂರಬಾರದು ಎಂಬಲ್ಲಿಯವರೆಗೆ ಹೇಳುತ್ತಿದ್ದೆ. ಕೊನೆಗೆ ಒಬ್ಬೊಬ್ಬರೂ ಒಂದೊಂದು ಕಾರ್ಡಿನ ಮೇಲೆ ಪ್ರತಿಜ್ಞೆ ಬರೆದು, ಲಕೋಟೆಗೆ ಹಾಕಿ ಅಂಟಿಸಿ ನನ್ನ ಕೈಗೆ ಕೊಡಬೇಕು. ಮದುವೆಯ ಬೆಳಿಗ್ಗೆ ನಾನು ಅದನ್ನು ಮದುಮಗಳಿಗೆ ಹಿಂದಿರುಗಿಸುವುದು. ಇಬ್ಬರ ಮದುವೆಯಲ್ಲಿ ಹಾಗೆ ಕೊಟ್ಟೂ ಇದ್ದೆ, ಅವರಮ್ಮಂದಿರ ಎದುರಿಗೆ, ಎಲ್ಲರೂ ನೋಡುವ ಹಾಗೆ. ಆಹಾ, ಆಗಿನ ನನ್ನ ಬಿಂಕವೇ ಬಿಂಕ!

ನಿಜ ಹೇಳುವುದಾದರೆ, ನನ್ನ ಪರಿಶುದ್ಧತೆಯಲ್ಲಿ ನನ್ನ ಸಾಹಸವೇನೂ ಇರಲಿಲ್ಲ. ಇಪ್ಪತ್ಮೂರಕ್ಕೆ ಮದುವೆಯಾಯಿತು. ಅದಕ್ಕೆ ಮುಂಚೆ ಯಾವ ಗಂಡಸೂ ನನ್ನ ಕಡೆ ಎರಡನೇ ಸಲ ತಿರುಗಿ ನೋಡಿದ ನೆನಪಿಲ್ಲ. ಯಾರೂ ಬಂದು ತಟ್ಟದ ಬಾಗಿಲಿನ ಚಿಲಕ ಎಷ್ಟು ಗಟ್ಟಿ ಎಂದು ನಾನು ಊರಿಗೆಲ್ಲ ಪಾಠ ಹೇಳಿದೆ.

ಆ ಹುಡುಗಿ ಮೈಸೂರಿನವಳು. ಮಯೂರ್ ವಿಹಾರ್‌ನಲ್ಲಿ ಪಿ.ಜಿ.ಯಲ್ಲಿದ್ದಳು. ಮೆಟ್ರೊದಲ್ಲಿ ಒಂದು ಗಂಟೆ ಬಂದು, ಎಲ್ಲರಿಗಿಂತ ಮುಂಚೆ ಬಾಗಿಲಲ್ಲಿ ನಿಲ್ಲುವವಳು. "ಅಕ್ಕಾ, ಈರುಳ್ಳಿ ಹೆಚ್ಚಿಕೊಡ್ಲಾ?" ಎಂದೇ ಒಳಗೆ ಬರುತ್ತಿದ್ದಳು. ನನ್ನ ಮಗಳಿಗೆ ಆಗ ಹದಿಮೂರು, ಹುಡುಗಿ ಬಂದಾಗಲೆಲ್ಲ ಅವಳಿಗೇ ಅಂಟಿಕೊಂಡಿರುತ್ತಿದ್ದಳು. ಆ ವರ್ಷ ಹುಡುಗಿಗೆ ಸಂಬಂಧ ಗೊತ್ತಾಯಿತು. ಹುಡುಗ ಮೈಸೂರಿನಲ್ಲೇ ಇದ್ದವನು. ಸಂಬಂಧ ತಂದವರು ಗುರುಗ್ರಾಮದಲ್ಲಿರುವ ಹುಡುಗನ ಸೋದರತ್ತೆ, ನಮ್ಮ ಕೂಟದವರೇ. ಈಸ್ಟರ್ ಆದ ಮೇಲೆ ಮದುವೆ ಎಂದಾಯಿತು.

ನವೆಂಬರ್. ದೆಹಲಿಯ ಹೊಗೆಯಲ್ಲಿ ಮಧ್ಯಾಹ್ನ ಮೂರಕ್ಕೇ ಲೈಟು ಹಾಕುವ ದಿನಗಳು. ಅವಳು ಎಂದಿಗಿಂತ ಮುಂಚೆ ಬಂದಳು. ಈರುಳ್ಳಿ ಮಾತೆತ್ತಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಅಕ್ಕಾ, ನನ್ನ ಕಾರ್ಡ್ ವಾಪಸ್ ಕೊಡ್ತೀರಾ?" ಅಂದಳು.

"ಯಾಕವಾ? ಮದುವಿ ದಿನ ಕೊಡ್ತೀನಲ್ಲ."

"ಆ ದಿನ ಕೊಡಬೇಡಿ. ಅದರಲ್ಲಿ ಬರೆದಿರೋದು ಸುಳ್ಳಾಗಿಬಿಡ್ತು."

ಆಮೇಲೆ ಎಲ್ಲ ಹೇಳಿದಳು. ಆಫೀಸಿನಲ್ಲಿ ಒಬ್ಬನಿದ್ದ. ಎರಡು ವರ್ಷ. ಮದುವೆಯಾಗುತ್ತಾನೆಂದು ನಂಬಿದ್ದಳು. ಅವನು ಕೆಲಸ ಬದಲಿಸಿ ಪುಣೆಗೆ ಹೋದ, ಅಲ್ಲಿಗೆ ಮುಗಿಯಿತು. ಈ ಸಂಬಂಧ ಬಂದದ್ದು ಅದೆಲ್ಲ ಮುಗಿದ ಮೇಲೆ. "ಕ್ರಿಸ್‌ಮಸ್‌ಗೆ ಊರಿಗೆ ಹೋದಾಗ ನನ್ನನ್ನ ಮದುವೆಯಾಗೋರಿಗೆ ನಾನೇ ಕೂತು ಹೇಳ್ತೀನಿ ಅಕ್ಕಾ. ಮುಚ್ಚಿಟ್ಟು ಮದುವೆಯಾಗಲ್ಲ. ಅವರು ಒಪ್ಪಬಹುದು, ಬಿಡಬಹುದು. ಆದರೆ ನನ್ನ ಬಾಯಿಂದಲೇ ಕೇಳಬೇಕು. ಅಲ್ಲೀವರೆಗೆ ದಯವಿಟ್ಟು ಯಾರಿಗೂ ಹೇಳಬೇಡಿ."

ಅವಳು ಅಳುತ್ತಿದ್ದಳು. ನಾನು ತಲೆ ನೇವರಿಸಿದೆ. ಒಳಗೆ ಮಾತ್ರ ಸಿಟ್ಟು ಕುದಿಯುತ್ತಿತ್ತು: ನನ್ನ ಪಾಠ ಕೇಳಿ, ನನ್ನ ಎದುರೇ ಪ್ರತಿಜ್ಞೆ ಬರೆದು, ನನಗೇ ಹೀಗೆ ಮಾಡಿದಳಲ್ಲ ಎಂದು. ನೋಡಿ, ಅವಳ ಬದುಕು ತೂಗುತ್ತಿದ್ದಾಗ ನನಗೆ ನನ್ನ ಪಾಠದ ಮಾನ ಹೋದದ್ದೇ ದೊಡ್ಡದಾಗಿ ಕಂಡಿತು.

"ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ದೇವರಿಗಷ್ಟ ಹೇಳ್ತೀನಿ" ಅಂದೆ. ಕಾರ್ಡು ಮಾತ್ರ ಕೊಡಲಿಲ್ಲ. ಮೊದಲು ಪ್ರಾರ್ಥನೆಯಾಗಲಿ, ಆಮೇಲೆ ನೋಡೋಣ ಅಂದೆ. ಅವಳು ಕಣ್ಣೊರೆಸಿಕೊಂಡು ಹಾಲಿಗೆ ಹೋದಳು.

ನಮ್ಮ ಕೂಟಗಳ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಾವು ಪ್ರಾರ್ಥನೆಯನ್ನು ಮನಸ್ಸಿನಲ್ಲಿ ಮಾಡಿಕೊಂಡು ಸುಮ್ಮನಾಗುವವರಲ್ಲ. ಕಣ್ಣು ಮುಚ್ಚಿ, ಗಟ್ಟಿಯಾಗಿ, ಒಬ್ಬೊಬ್ಬರ ಕಷ್ಟವನ್ನೂ ಎತ್ತಿ ಹೇಳುತ್ತೇವೆ. ಹೆಸರು ಹೇಳಬಾರದ ವಿಷಯವಾದರೆ 'ಒಬ್ಬ ಸಹೋದರಿ' ಅನ್ನುತ್ತೇವೆ. ಹೆಸರು ಬಿಟ್ಟರೆ ಗುಟ್ಟು ಉಳಿಯಿತು ಎಂಬ ನಂಬಿಕೆ. ಕೂತಿರುವುದು ಇಪ್ಪತ್ತೇ ಜನ ಎಂಬುದು ಆಗ ಯಾರಿಗೂ ನೆನಪಿರುವುದಿಲ್ಲ.

ಅವತ್ತು ಪ್ರಾರ್ಥನೆಯ ಸರದಿ ನನಗೆ ಬಂತು. ರೋಗಿಗಳಿಗಾಗಿ, ಊರಿನ ಹಿರಿಯರಿಗಾಗಿ ಬೇಡಿದೆ. ಆಮೇಲೆ ಹೊಟ್ಟೆಯಲ್ಲಿದ್ದದ್ದು ತಾನಾಗಿ ಉಕ್ಕಿ ಬಂತು. "ಕರ್ತನೇ, ನಮ್ಮ ನಡುವೆ ಒಬ್ಬ ಮಗಳಿದ್ದಾಳೆ. ಈಸ್ಟರ್ ಕಳೆದ ಮೇಲೆ ಬಿಳಿ ಸೀರೆ ಉಡಬೇಕಾದವಳು. ಆಫೀಸಿನವನೊಬ್ಬನನ್ನು ನಂಬಿ ತನ್ನನ್ನು ಕಳೆದುಕೊಂಡಿದ್ದಾಳೆ. ಅವಳನ್ನು ತೊಳೆದು ಶುದ್ಧಮಾಡು..." ದನಿ ಏರಿತು, ಕಣ್ಣಲ್ಲಿ ನೀರು ಬಂತು. ಬಹಳ ಚೆನ್ನಾಗಿ ಪ್ರಾರ್ಥಿಸಿದೆ. ಯಾರೋ ನಡುವೆ ಆಮೆನ್ ಅಂದರು. ಅದು ನನಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕಣ್ಣು ಬಿಟ್ಟಾಗ ಅವಳು ನನ್ನನ್ನೇ ನೋಡುತ್ತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಅವಳ ಆಚೆ ನನ್ನ ಮಗಳು ಕೂತಿದ್ದಳು, ಎರಡೂ ಕೈಯಲ್ಲಿ ಫೋನು ಎತ್ತಿ ಹಿಡಿದು. ಮೊಣಕಾಲಿನ ಆಪರೇಷನ್ ಆದಾಗಿನಿಂದ ಹುಡುಗನ ಸೋದರತ್ತೆ ಕೂಟಕ್ಕೆ ಬರುತ್ತಿದ್ದದ್ದು ಆ ಫೋನಿನಲ್ಲೇ, ವಿಡಿಯೊ ಕಾಲ್‌ನಲ್ಲಿ. ಹುಡುಗಿ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದಳು. "ದೀದೀ, ರುಕೋ ನಾ" ಎಂದು ನನ್ನ ಮಗಳು ಹಿಂದೆಯೇ ಲಿಫ್ಟಿನವರೆಗೆ ಓಡಿದಳು. ಉಳಿದವರು ತಲೆ ತಗ್ಗಿಸಿ ಉಪ್ಪಿಟ್ಟು ತಿಂದರು.

ಕೂಟ ಮುಗಿದು ಅರ್ಧ ಗಂಟೆಯಾಗಿರಲಿಲ್ಲ, ಹುಡುಗನ ಸೋದರತ್ತೆಯ ಫೋನು ಬಂತು. "ನೀವು ಹೆಸರು ಹೇಳೋದೇನೂ ಬೇಡ. ನಾನು ಅಂದ್ಕೊಂಡಿರೋದು ತಪ್ಪು ಅಂತ ಒಂದು ಮಾತು ಹೇಳಿಬಿಡಿ, ಸಾಕು." ಸುಳ್ಳು ಹೇಳುವುದು ಪಾಪ ಎಂದು ಬೆಳೆದವಳು ನಾನು. ನಾಲಿಗೆ ಹೊರಳಲಿಲ್ಲ. ನನ್ನ ಮೌನ ಅವರಿಗೆ ಸಾಕಾಯಿತು.

ಗಂಡ ಅಲ್ಲಿಯವರೆಗೂ ಬಾಲ್ಕನಿಯಲ್ಲಿದ್ದವರು ಒಳಗೆ ಬಂದರು. ದನಿ ಎತ್ತುವವರಲ್ಲ. "ನೀ ಮಾಡಿದ್ದು ಪ್ರಾರ್ಥನಾನೋ, ವಾರ್ತಾ ಓದಿದ್ದೋ?" ಅಂದರು. ನಾನು ಅವರ ಮೇಲೂ ಹರಿಹಾಯ್ದೆ.

ಮೂರನೆಯ ದಿನ ಹುಡುಗಿ ಫೋನು ಮಾಡಿದಳು. ಮೈಸೂರಿನಲ್ಲಿ ಎರಡೂ ಮನೆಯವರು ಕೂತು ಸಂಬಂಧ ಮುರಿದುಕೊಂಡಿದ್ದರು. ಅಪ್ಪ ಅವಳೊಡನೆ ಮಾತು ಬಿಟ್ಟಿದ್ದರು. ಅವಳು ಅಳಲಿಲ್ಲ, ಬೈಯಲಿಲ್ಲ. "ಅವರಿಗೆ ನಾನೇ ಹೇಳಬೇಕಿತ್ತು ಅಕ್ಕಾ. ದೇವರಿಗೆ ಮಾತ್ರ ಹೇಳ್ತೀನಿ ಅಂದಿದ್ರಿ" ಅಂದಳು, ಅಷ್ಟೇ. ಆಗ ನಾನು ಕ್ಷಮಿಸು ಅನ್ನಬೇಕಿತ್ತು. ಒಂದೇ ಒಂದು ಪದ. ಅದರ ಬದಲು ನನ್ನ ಈ ಹಾಳು ಬಾಯಿ, "ಪಾಪ ನೀ ಮಾಡಿ ನನ್ನ ಮ್ಯಾಲೆ ಹೇರ್ತಿ ಏನು?" ಅಂದುಬಿಟ್ಟಿತು. ಆ ಕಡೆಯಿಂದ ಫೋನು ಕಟ್ಟಾಯಿತು.

ಸಿಟ್ಟು ಇಳಿಯಲು ಎರಡು ವಾರ ಹಿಡಿಯಿತು. ಇಳಿದ ಮೇಲೆ ಲಕೋಟೆಯನ್ನು ಪರ್ಸಿನಲ್ಲಿಟ್ಟುಕೊಂಡು ಮೆಟ್ರೊ ಹತ್ತಿ ಮಯೂರ್ ವಿಹಾರ್‌ಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಪಿ.ಜಿ.ಯ ಆಂಟಿ ಬಾಗಿಲು ಅರ್ಧ ತೆಗೆದು, "ವೋ ತೋ ಚಲೀ ಗಯೀ" ಅಂದರು. ಕೋಣೆ ಖಾಲಿ ಮಾಡಿ ಎಲ್ಲಿಗೆ ಹೋದಳೆಂದು ಅವರಿಗೂ ಹೇಳಿರಲಿಲ್ಲ. ಅವಳ ನಂಬರಿಗೆ ಮಾಡಿದರೆ ಸ್ವಿಚ್ ಆಫ್. ಬರುವಾಗ ಮೆಟ್ರೊದಲ್ಲಿ ನಿಂತುಕೊಂಡೇ ಅತ್ತುಬಿಟ್ಟೆ. ಪಕ್ಕದವಳು ತನ್ನ ಸೀಟು ಬಿಟ್ಟುಕೊಟ್ಟಳು.

ಪಾಠ ನಿಲ್ಲಿಸಿದೆ. ಬೇರೆಯವರ ಕಾರ್ಡುಗಳನ್ನು ಅವರವರಿಗೆ ಕೊಟ್ಟೆ. ಕೂಟ ತಾನಾಗಿಯೇ ಇನ್ನೊಬ್ಬರ ಮನೆಗೆ ಹೋಯಿತು. ದೇಹವನ್ನು ಕಾಯಬೇಕೆಂದು ನಾನು ಈಗಲೂ ನಂಬುತ್ತೇನೆ, ಅದನ್ನು ಅಲ್ಲಗಳೆಯಲು ಇದನ್ನು ಬರೆಯುತ್ತಿಲ್ಲ. ಆದರೆ ಮೂರು ವರ್ಷ ಕಣ್ಣು, ಕೈ, ಫೋನು ಎಂದೆಲ್ಲ ಸಂಯಮದ ಪಾಠ ಹೇಳಿದವಳು ನಾಲಿಗೆಯ ಬಗ್ಗೆ ಒಂದು ಭಾನುವಾರವೂ ಹೇಳಲಿಲ್ಲ. ಆ ಹುಡುಗಿ ತನ್ನ ತಪ್ಪನ್ನು ತಾನಾಗಿ ಬಂದು ಒಪ್ಪಿಕೊಂಡಿದ್ದಳು. ನನ್ನ ತಪ್ಪು ಒಪ್ಪಿಕೊಳ್ಳಲು ನನಗೆ ಅವಳು ಸಿಗಲೇ ಇಲ್ಲ.

ಇದಾಗಿ ನಾಲ್ಕು ವರ್ಷ. ಮಗಳು ಈಗ ಕಾಲೇಜಿನ ಮೊದಲ ವರ್ಷದಲ್ಲಿದ್ದಾಳೆ. ಹೋದ ತಿಂಗಳು ಒಂದು ಮಧ್ಯಾಹ್ನ ಹೊತ್ತಿಗೆ ಮುಂಚೆ ಮನೆಗೆ ಬಂದಳು. ಕಣ್ಣು ಊದಿಕೊಂಡು ಕೆಂಪಾಗಿತ್ತು. ಬ್ಯಾಗು ಕೂಡ ಇಳಿಸದೆ ಸೋಫಾದ ತುದಿಯಲ್ಲಿ ಕೂತಳು. ಚಹಾ ಮಾಡಿ ತಂದು ಪಕ್ಕದಲ್ಲಿ ಕೂತೆ.

"ಏನಾತು ಪುಟ್ಟಿ?"

"ಕುಛ್ ನಹೀಂ, ಮಮ್ಮಾ."

"ನನ್ನ ಮುಂದ ಹೇಳು. ನಾ ಬೈಯಂಗಿಲ್ಲ. ಯಾರ ಮುಂದೂ ಹೇಳಂಗಿಲ್ಲ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ.

"ಗಾಡ್‌ಗೆ?" ಅಂದಳು.

ಚಹಾದ ಲೋಟ ಕೆಳಗಿಟ್ಟೆ. "ದೇವರಿಗೂ ಹೇಳಂಗಿಲ್ಲ" ಅಂದೆ. ಜೀವಮಾನದಲ್ಲಿ ಅಂಥ ಮಾತು ಆಡಿದ್ದು ಅದೇ ಮೊದಲು. ಅವಳು ನಂಬಲಿಲ್ಲ. "ರೆಹನೇ ದೋ, ಮಮ್ಮಾ," ಬಿಟ್ಟುಬಿಡು ಎಂದು ಮೆಲ್ಲಗೆ ಹೇಳಿ, ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಸಂಜೆ ಎಂದಿನಂತೆ ಮೊಣಕಾಲೂರಿದೆ. ಗಂಡನಿಗಾಗಿ, ಊರಿನವರಿಗಾಗಿ, ಎಲ್ಲಿದ್ದಾಳೋ ಆ ಹುಡುಗಿಗಾಗಿ ಬೇಡಿದೆ. ಮಗಳ ಹೆಸರು ನಾಲಿಗೆಯ ತುದಿಗೆ ಬಂತು. ಗೋಡೆಯ ಆಚೆ ಅವಳು ಕೇಳಿಸಿಕೊಳ್ಳುತ್ತಿರಬಹುದು ಅನ್ನಿಸಿತು. ತುಟಿ ಕಚ್ಚಿಕೊಂಡು ಆ ಹೆಸರನ್ನು ನುಂಗಿದೆ, ಆಮೆನ್ ಅಂದು ಎದ್ದೆ. ಅವಳ ಕೋಣೆಯ ಬಾಗಿಲು ತೆರೆಯಲಿಲ್ಲ.